ಮೂಡಕೇರಿ–ಪಡುಕೇರಿ ಶಾಂತಿ ಮಾತುಕತೆ

ಜನಸಮುದಾಯಗಳ ನಡುವಿನ ಕಲಹಗಳಿಗೆ ಮೂಲದಲ್ಲಿ ನೆಲ, ನೀರು, ಧಾನ್ಯ ಇವು ಮೂರೇ ಕಾರಣ. ಮಿಕ್ಕದ್ದೆಲ್ಲ ಇವುಗಳ ಮೇಲೆ ಹೊದಿಸಿದ ಶಾಲು. ಈ ಗಂಭೀರ ವಾಕ್ಯ ನನ್ನ ಇತಿಹಾಸ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಬರೆದವನು ನಾನೇ ಆದ್ದರಿಂದ ಅದು ಸುಳ್ಳೆಂದು ಹೇಳುವ ಮೊದಲ ಹಕ್ಕೂ ನನ್ನದೇ. 2004ರ ಬೇಸಿಗೆಯಲ್ಲಿ ಅಂಕೋಲಾ ತಾಲೂಕಿನ ಒಂದು ಊರಿನಲ್ಲಿ ನೆಲ, ನೀರು, ಧಾನ್ಯ ಮೂರನ್ನೂ ಮುಂದಿಟ್ಟುಕೊಂಡು ಎರಡು ಕೇರಿಯವರು ಜಗಳಕ್ಕೆ ನಿಂತಿದ್ದರು. ಕಾರಣ ಮೂರರಲ್ಲೂ ಇರಲಿಲ್ಲ.

ಆಗ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಕಾರವಾರದ ಹಬ್ಬುವಾಡದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಲ್ಲಿದ್ದೆ. ನೌಕರಿ ಶುರುವಾದದ್ದು ಎಪ್ಪತ್ತರ ದಶಕದಲ್ಲಿ, ಇದೇ ಜಿಲ್ಲೆಯಲ್ಲಿ, ಕಂದಾಯ ಇಲಾಖೆಯ ಅಧಿಕಾರಿಯಾಗಿ. ಕೆಲವು ವರ್ಷದ ನಂತರ ಸರಕಾರ ನನ್ನನ್ನು ದಿಲ್ಲಿಗೆ, ವಿದೇಶಾಂಗ ವ್ಯವಹಾರಕ್ಕೆ, ಡೆಪ್ಯುಟೇಶನ್ ಮೇಲೆ ಕಳಿಸಿತು. ಡೆಪ್ಯುಟೇಶನ್ ಎಂದರೆ ಪಕ್ಕದ ಮನೆಗೆ ಹಾರೆ ಎರವಲು ಕೊಟ್ಟ ಹಾಗೆ. ಬೇಗ ವಾಪಸು ಬರುತ್ತದೆ ಎಂದು ಕೊಟ್ಟವರು ನಂಬಿರುತ್ತಾರೆ. ನಾನು ವಾಪಸು ಬಂದದ್ದು ಕೂದಲು ನರೆತ ಮೇಲೆ. ಆಫ್ರಿಕಾದ ಪಶ್ಚಿಮ ಕರಾವಳಿಯ ಒಂದು ರಾಜಧಾನಿ, ಆಮೇಲೆ ಲಿಸ್ಬನ್, ಆಮೇಲೆ ನಕಾಶೆಯಲ್ಲಿ ಹೆಂಡತಿಗೆ ಬೆರಳಿಟ್ಟು ತೋರಿಸಬೇಕಾದ ಇನ್ನೆರಡು ಊರು. ಲಿಸ್ಬನ್ನಿನಲ್ಲಿ ರಜೆಯ ದಿನಗಳನ್ನು ದಫ್ತರಖಾನೆಯಲ್ಲಿ ಕಳೆಯುತ್ತಿದ್ದಾಗ ಹಳೆಯ ಕಾಗದಗಳಲ್ಲಿ ಕಾರವಾರದ ಹೆಸರು ಪದೇ ಪದೇ ಎದುರಾಯಿತು. ಮೆಣಸು, ಬಟ್ಟೆ, ಹಡಗು, ಜಗಳ. ಹೀಗೆ ಇತಿಹಾಸಕಾರನಾದೆ. ಅದಕ್ಕೆ ನೇಮಕಾತಿ ಆದೇಶ ಬೇಕಾಗುವುದಿಲ್ಲ, ಯಾರೂ ವರ್ಗ ಮಾಡುವುದಿಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅಸಿಸ್ಟೆಂಟ್ ಕಮಿಷನರ್ ನಮ್ಮ ಮನೆಗೆ ಬಂದರು. ಬೀದರ್ ಕಡೆಯ ಹುಡುಗಿ. ನೌಕರಿಗೆ ಸೇರಿ ಎರಡು ವರ್ಷವಾಗಿರಬೇಕು. ಕಾರವಾರದ ಸೆಕೆಯ ಜೊತೆ ಅವರಿನ್ನೂ ಯಾವ ಒಪ್ಪಂದಕ್ಕೂ ಬಂದಿರಲಿಲ್ಲ. ಕರೆಂಟು ಬೇರೆ ಇರಲಿಲ್ಲ. ಹತ್ತಿರದ ಕದ್ರಾದಲ್ಲೇ ವಿದ್ಯುತ್ತು ತಯಾರಾಗುವುದರಿಂದ ಅದು ನಮ್ಮಲ್ಲಿ ನಿಲ್ಲದೆ ದೂರದವರ ಮನೆಗೆ ಹೋಗುತ್ತದೆ ಎಂದು ನಾನು ಅವರಿಗೆ ಬೀಸಣಿಗೆ ಕೊಟ್ಟೆ.

"ಸರ್, ಒಂದು ಗಜನಿ ಕೇಸು ಅದ. ನೀವು ಎರಡು ದೇಶದವರನ್ನ ಕೂಡಿಸಿ ಮಾತಾಡಿಸಿದವರಂತ. ಇಲ್ಲಿ ಎರಡು ಕೇರಿ ಅಷ್ಟ," ಎಂದರು.

ಓದುಗರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ನಮ್ಮ ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆ ಉಪ್ಪುನೀರು ಹೊಕ್ಕು ಬರುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ; ಕಟ್ಟೆಯ ಮಧ್ಯೆ ನೀರು ಬಿಡುವ, ತಡೆಯುವ ಒಂದು ಬಾಗಿಲು. ಆ ಬಾಗಿಲಿಗೆ ಜಂತ್ರಡಿ ಎಂದು ಹೆಸರು. ಮಳೆಗಾಲಕ್ಕೆ ಮೊದಲು ಇಳಿತದ ಹೊತ್ತು ನೋಡಿ ಜಂತ್ರಡಿಗೆ ಹಲಗೆ ಇಳಿಸಿ, ಹಲಗೆಗಳ ಸಂದಿಗೆ ಜೇಡಿ ಮೆತ್ತಿ ಮುಚ್ಚಬೇಕು. ಮೊದಲ ಮಳೆಗೆ ಮಣ್ಣಿನ ಉಪ್ಪು ತೊಳೆದುಹೋಗುತ್ತದೆ. ಆಗ ಬಿತ್ತುವ ಭತ್ತದ ಹೆಸರು ಕಗ್ಗ. ಬೇರೆ ಭತ್ತ ಉಪ್ಪಿನ ವಾಸನೆಗೇ ಮಲಗಿದರೆ ಕಗ್ಗ ಎದೆಮಟ್ಟದ ನೀರಿನಲ್ಲೂ ಕತ್ತೆತ್ತಿ ನಿಲ್ಲುತ್ತದೆ. ಕೊಯ್ಲಾದ ಮೇಲೆ ಜಂತ್ರಡಿ ತೆಗೆಯುತ್ತಾರೆ, ಉಪ್ಪುನೀರು ಬರುತ್ತದೆ, ಅದರ ಜೊತೆ ಮೀನು, ಸಿಗಡಿ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಇಂಥ ಸಮತೋಲನದ ಸಂವಿಧಾನ ನಾನು ಬೇರೆಲ್ಲೂ ಕಂಡಿಲ್ಲ.

ಈ ಊರಿನ ಗಜನಿಯ ಪೂರ್ವಕ್ಕೆ ಮೂಡಕೇರಿ, ಪಶ್ಚಿಮಕ್ಕೆ ಪಡುಕೇರಿ. ಊರಿನ ಹೆಸರು ಹೇಳುವುದಿಲ್ಲ. ಗೋಪ್ಯ ಕಾಪಾಡುವುದು ನನ್ನ ಹಳೆಯ ಅಭ್ಯಾಸ. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪದ್ಧತಿ ಏನೆಂದರೆ, ಜಂತ್ರಡಿಯನ್ನು ಎರಡೂ ಕೇರಿಯವರು ಸೇರಿಯೇ ಮುಚ್ಚಬೇಕು. ಹಲಗೆ ಮೂಡಕೇರಿಯದು, ಜೇಡಿಮಣ್ಣು ಪಡುಕೇರಿಯದು. ಮೂರು ವರ್ಷದಿಂದ ಅದು ನಡೆದಿರಲಿಲ್ಲ. ಹಿಂದಿನ ವರ್ಷ ಮೂಡಕೇರಿಯವರು ತಾವೊಬ್ಬರೇ ಹೋಗಿ ಮುಚ್ಚಿದ್ದರು. ವಾರ ಕಳೆಯುವುದರೊಳಗೆ ಹಲಗೆಗಳು ಹೊಳೆಯಲ್ಲಿ ತೇಲುತ್ತಿದ್ದವು. ಯಾರು ಕಿತ್ತರೆಂದು ಪೋಲೀಸರಿಗೆ ಗೊತ್ತಾಗಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಪಡುಕೇರಿಯವರು ವರ್ಷವಿಡೀ ಉಪ್ಪುನೀರು ಇಟ್ಟುಕೊಂಡು ಸಿಗಡಿ ಸಾಕಲು ನೋಡಿದರು; ಸಿಗಡಿಗೆ ರೋಗ ಬಿದ್ದು ಅದೂ ಹೋಯಿತು. ಒಟ್ಟಿನಲ್ಲಿ ಇಬ್ಬರಿಗೂ ಚೂರೂ ಲಾಭವಿಲ್ಲದ ಜಗಳ. ಇಂಥವು ದೀರ್ಘಾಯುಷಿಗಳು. ಲಾಭವಿದ್ದರೆ ಹಂಚಿಕೊಂಡು ಮುಗಿಸಬಹುದು.

ಮೂಡಕೇರಿಯ ಮುಖಂಡ ಹಮ್ಮಣ್ಣ, ಪಡುಕೇರಿಯ ಮುಖಂಡ ಬೊಮ್ಮಯ್ಯ. ಇಬ್ಬರಿಗೂ ಅರವತ್ತರ ಹತ್ತಿರ ವಯಸ್ಸು. ಹಮ್ಮಣ್ಣನ ತಂಗಿ ಸುಶೀಲೆಯೇ ಬೊಮ್ಮಯ್ಯನ ಹೆಂಡತಿ. ಅಂದರೆ ಇದು ಭಾವ-ಭಾವಂದಿರ ಯುದ್ಧ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯ ಇಲ್ಲದಿರುವುದು ಆ ಕಾನೂನಿನ ದೊಡ್ಡ ಕೊರತೆ.

ಮೊದಲ ಭೇಟಿಗೆ ನಾನು ಮೂಡಕೇರಿಗೆ ಹೋದಾಗ ಹಮ್ಮಣ್ಣ ನನ್ನ ಕೈಗೆ ಅರ್ಜಿಗಳ ಪ್ರತಿ ಕೊಟ್ಟ. ಅವನ ತಾಯಿ ಗಿರಿಯಮ್ಮ, ಎಂಬತ್ತರ ಮೇಲಿನ ಹೆಂಗಸು, ಅರ್ಜಿಯ ಕಡೆ ಕಣ್ಣೂ ಹಾಯಿಸದೆ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮೇಲಿನ ಅಟ್ಟದಲ್ಲಿ ಹುಲ್ಲಿನ ಹಗ್ಗ ಸುತ್ತಿದ ಭತ್ತದ ಮುಡಿಯೊಂದು ತೂಗುತ್ತಿತ್ತು, ಹೊಗೆಗೆ ಕಪ್ಪಾಗಿತ್ತು.

"ಇದು ಬೀಜದ ಕಗ್ಗ, ತಮ್ಮಾ. ಎರಡು ಕೇರಿಗೂ ಉಳ್ದದ್ದು ಇದೊಂದೇ. ಹ್ವಾದ ವರ್ಷ ಬಾವಿ ಬದೀಗೆ ಬಿತ್ತಿ ಬೀಜ ಉಳ್ಸ್ಕಂಡೆ. ಅರ್ಧ ಗುಬ್ಬಿ ತಿಂದ್ವು. ಈ ವರ್ಷ ಗಜನಿಗೆ ಬೀಳ್ಲಿಲ್ಲ ಅಂದ್ರೆ ಮುಂದಿನ ವರ್ಷ ಇದು ಮೊಳಕೆ ಒಡೂದಿಲ್ಲ. ಆಮೇಲೆ ಜಂತ್ರಡಿ ಮುಚ್ಚಿದ್ರೂ ಅಷ್ಟೇ, ತೆಗದ್ರೂ ಅಷ್ಟೇ."

"ಸರಕಾರದಿಂದ ಬೇರೆ ಬೀಜ ಕೊಡಿಸಬಹುದು ಅಮ್ಮಾ," ಎಂದೆ. ಬಾಯಿತಪ್ಪಿ ಹಳೆಯ ಕಂದಾಯ ಅಧಿಕಾರಿ ಮಾತಾಡಿದ್ದ.

"ಕೊಟ್ಟಿದ್ರಲ್ಲ, ಒಂದ್ಸಲ. ಚಂದ ಚೀಲ. ಉಪ್ಪು ಮಣ್ಣು ಕಾಲಿಗೆ ತಾಗಿದ್ದೇ ತಡ, ನಿಮ್ಮ ಆಫೀಸರ ಹಂಗೆ ಹಳದಿ ಆಗಿ ಮಲಗ್ತು. ಆ ಚೀಲ ಮಾತ್ರ ಇನ್ನೂ ಅದೆ, ಒಣಮೆಣಸು ತುಂಬಿಟ್ಟಿದೆ."

ಅರ್ಜಿಗಳಲ್ಲಿ ಸರ್ವೆ ನಂಬರುಗಳಿದ್ದವು, ಹಕ್ಕುಗಳಿದ್ದವು, ಉಪ್ಪಿನ ಪ್ರಮಾಣವಿತ್ತು. ಅಟ್ಟದ ಮೇಲಿನ ಮುಡಿ ಇರಲಿಲ್ಲ. ನನಗೆ ಕೆಲಸದ ಗಡುವು ಸಿಕ್ಕಿದ್ದು ಮಾತ್ರ ಅಲ್ಲಿಂದ: ಜೂನಿನ ಮಿರಗದ ಮಳೆ ಹಿಡಿಯುವ ಮೊದಲು ಜಂತ್ರಡಿ ಮುಚ್ಚಬೇಕು, ಇಲ್ಲದಿದ್ದರೆ ಆ ಮುಡಿ ಬರೀ ಕೋಳಿಕಾಳು.

ಮಾತುಕತೆಗೆ ತಟಸ್ಥ ಸ್ಥಳ ಬೇಕು. ಎರಡೂ ಕೇರಿಗೆ ಮಧ್ಯದಲ್ಲಿದ್ದ ಪ್ರಾಥಮಿಕ ಶಾಲೆಗೆ ರಜೆ ಇತ್ತು. ಮೊದಲ ದಿನವೇ, ಯಾರು ಮೊದಲು ಒಳಗೆ ಹೋಗಬೇಕು ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ನಾನು ಸಿದ್ಧನಿದ್ದೆ. ಬಿಸಿಯೂಟದ ಕೋಣೆಗೆ ಹೋಗುವ ಇನ್ನೊಂದು ಬಾಗಿಲಿತ್ತು. ಎರಡೂ ಕಡೆಯಿಂದ ಒಮ್ಮೆಲೇ ಬರಬಹುದು ಎಂದೆ. ಹಾಗಾದರೆ ಅಡುಗೆಮನೆಯ ಬಾಗಿಲಿಂದ ಬರುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಹೆಬ್ಬಾಗಿಲಿಗೆ ಬೀಗ ಹಾಕಿಸಿದೆ. ಎಲ್ಲರೂ ಅಡುಗೆಮನೆಯಿಂದಲೇ, ನನ್ನ ಹಿಂದೆ ಸಾಲಾಗಿ ಬಂದರು. ಅಸಿಸ್ಟೆಂಟ್ ಕಮಿಷನರರ ತಲೆಗೆ ತೊಲೆ ಬಡಿಯಿತು. ಮೂರನೇ ಇಯತ್ತೆಯ ಬೆಂಚುಗಳ ಮೇಲೆ ಎರಡು ಕೇರಿಯ ಹಿರಿಯರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

ಆ ದಿನ ನನ್ನೊಳಗಿನ ಇತಿಹಾಸಕಾರನಿಗೆ ತಡೆಯಲಾಗಲಿಲ್ಲ. ಈ ಗಜನಿಯ ಕುರಿತು ಹಳೆಯ ಕಾಗದಗಳಲ್ಲಿ ಸಿಕ್ಕಿದ್ದನ್ನೆಲ್ಲ ಹೇಳಿದೆ: ಹಿಂದೆಯೂ ಹೀಗೆ ಜಗಳವಾಗಿತ್ತು, ಹಿಂದಿನವರೂ ಕಚೇರಿಗೆ ಹೋಗಿದ್ದರು. ಭಾಷಣ ಒಂದೂವರೆ ತಾಸು ನಡೆಯಿತು. ಮುಗಿದಾಗ ಹಮ್ಮಣ್ಣ, "ಅಂದ್ರೆ ಆಗ್ನಿಂದ್ಲೂ ತಪ್ಪು ಅವ್ರದ್ದೇ ಅಂತಾಯ್ತು," ಎಂದ. ಬೊಮ್ಮಯ್ಯ, "ಅದನ್ನೇ ನಾನೂ ಹೇಳೂಕೆ ಹೊರಟದ್ದು," ಎಂದ. ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಹೊಸದಾಗಿ ನಾನು ಕೊಟ್ಟ ಆಯುಧಗಳೊಂದಿಗೆ ಎರಡು ಪಕ್ಷದವರೂ ಹುಮ್ಮಸ್ಸಿನಿಂದ ಮನೆಗೆ ಹೋದರು.

ಮೇ ತಿಂಗಳು ಹೀಗೇ ಸಾಗಿತು. ಅಂಕೋಲೆಯ ಕರಿ ಇಶಾಡು ಮಾವಿನ ಕಾಲ ಅದು. ಮೂಡಕೇರಿಯಿಂದ ಒಂದು ಬುಟ್ಟಿ ಹಣ್ಣು ಹಬ್ಬುವಾಡಕ್ಕೆ ಬಂತು. ಸಂಧಾನಕಾರ ಒಂದೇ ಪಕ್ಷದ ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ವಿಷಯ ಪಡುಕೇರಿಗೆ ತಿಳಿಯುವಂತೆ ಮಾಡಿದೆ. ಮರುದಿನ ಅಲ್ಲಿಂದ ಎರಡು ಬುಟ್ಟಿ ಬಂದವು. ಅಸಮತೋಲನ ಸರಿಪಡಿಸಲು ಮೂಡಕೇರಿಯವರು ಮತ್ತೆರಡು ಕಳಿಸಿದರು. "ರಾಜಿ ಆಗೂದು ಮಾವಿನ ಹಂಗಾಮು ಮುಗಿದ ಮೇಲೇ ಅಂತ ಕಾಣ್ತದೆ," ಎಂದು ನನ್ನ ಹೆಂಡತಿ ಹಣ್ಣು ಹೆಚ್ಚುತ್ತ ಹೇಳಿದಳು. ನಾನು ವೃತ್ತಿಯ ಘನತೆಯಿಂದ ಉತ್ತರ ಕೊಡಲಿಲ್ಲ. ಬಾಯಿ ತುಂಬಿತ್ತು.

ರಾಜತಾಂತ್ರಿಕ ಕೆಲಸದಲ್ಲಿ ಹೊಸಬರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಸಭೆಯಲ್ಲಿ ನಡೆಯುವುದು ಸಭೆ ಮಾತ್ರ. ಕೆಲಸ ನಡೆಯುವುದು ಸಭೆ ಮುಗಿದು, ಕಾರು ಇನ್ನೂ ಬಾರದೆ, ಎದುರಾಳಿಯ ಜೊತೆ ಮೆಟ್ಟಿಲ ಮೇಲೆ ಸುಮ್ಮನೆ ನಿಲ್ಲಬೇಕಾದ ಹೊತ್ತಿನಲ್ಲಿ. ಮೇ ಮೂರನೇ ವಾರದ ಒಂದು ದಿನ ಜೀಪು ತಡವಾಯಿತು. ಬೊಮ್ಮಯ್ಯ ಹೋಗುತ್ತಿದ್ದವನು ನನ್ನನ್ನು ಒಬ್ಬನೇ ಬಿಡುವುದು ಸರಿಯಲ್ಲವೆಂದು ನಿಂತ. ರಸ್ತೆಬದಿಯ ಗೂಡಂಗಡಿಯಲ್ಲಿ ಚಾ ಹೇಳಿದೆವು. ನಾನು ಗಜನಿ ಮಾತೆತ್ತಲಿಲ್ಲ. ಮಕ್ಕಳ ವಿಷಯ, ಮಂಡಿ ನೋವಿನ ವಿಷಯ ಆಯಿತು. ಅಂಗಡಿಯ ಫೋನು ಗಣಗಣ ಎಂದಿತು. ಅಂಗಡಿಯವ ಎತ್ತಿ ಯಾರಿಗೋ ಮದುವೆಗೆ ಬರುವುದಾಗಿ ಹೇಳಿ ಇಟ್ಟ. ಬೊಮ್ಮಯ್ಯನ ಮುಖ ಕೆಂಪಾಯಿತು.

"ನೋಡ್ರಿ ಸಾಹೇಬ್ರೆ, ಇದೇ. ಫೋನ್ ಮಾಡಿ ಕರೀತಾರಾ? ನಾನೇನು ಗ್ಯಾಸ್ ಸಿಲಿಂಡರಾ, ಫೋನ್ ಮಾಡಿದ್ರೆ ಬರೂಕೆ?"

"ಯಾರು ಫೋನ್ ಮಾಡಿದ್ರು?"

ಆತ ಚಾ ಕೆಳಗಿಟ್ಟ. ಮೂರು ವರ್ಷದ ಮಾತು ಹೊರಗೆ ಬಂತು.

ಜಂತ್ರಡಿ ಮುಚ್ಚುವ ಮೊದಲು ಒಂದು ಕೇರಿಯ ಮುಖಂಡ ಇನ್ನೊಂದು ಕೇರಿಯ ಮುಖಂಡನ ಮನೆಗೆ ಹೋಗಿ, ಹರಿವಾಣದಲ್ಲಿ ತೆಂಗಿನಕಾಯಿ ವೀಳ್ಯವಿಟ್ಟು, ಬಾಯಿಬಿಟ್ಟು ಕರೆಯಬೇಕು. ಕರೆದವನಿಗೆ ಆ ಮನೆಯವರು ಬೆಲ್ಲ-ನೀರು ಕೊಡುತ್ತಾರೆ. ಅವನು ಕುಡಿದರೆ ಆ ಮನೆಯವರು ಕರೆ ಒಪ್ಪಿದ ಹಾಗೆ; ಆಮೇಲೆ ಬರುವುದಿಲ್ಲ ಎನ್ನುವಂತಿಲ್ಲ. ಒಂದು ವರ್ಷ ಮೂಡಕೇರಿಯ ಸರದಿ, ಮರುವರ್ಷ ಪಡುಕೇರಿಯದು. ಮೂರು ವರ್ಷದ ಹಿಂದೆ ಸರದಿ ಹಮ್ಮಣ್ಣನದಾಗಿತ್ತು. ಅದೇ ಆಗ ಅವನ ಮನೆಗೂ ಟೆಲಿಫೋನ್ ಬಂದಿತ್ತು. ಬೊಮ್ಮಯ್ಯ ಸ್ನಾನ ಮಾಡಿ, ಮಡಿಸಿಟ್ಟ ಪಂಚೆ ಉಟ್ಟು, ಜಗಲಿಯಲ್ಲಿ ಕಾಯುತ್ತಿದ್ದ. ಒಳಗೆ ಫೋನು ಹೊಡೆಯಿತು. "ಭಾವಾ, ನಾಡ್ದು ಜಂತ್ರಡಿಗೆ ಬಂದ್ಬಿಡಿ," ಎಂದು ಹೇಳಿ ಹಮ್ಮಣ್ಣ ಇಟ್ಟ.

"ಬಂದ್ಬಿಡಿ ಅಂತೆ! ಕೈಯಲ್ಲಿ ಬೆಲ್ಲದ ತಟ್ಟೆ ಹಿಡಕಂಡು ಸುಶೀಲೆ ಬಾಗ್ಲಲ್ಲಿ ನಿಂತಿದ್ಲು. ಆ ಬೆಲ್ಲ ನಾನು ಫೋನಿಗೆ ತಿನ್ನಿಸ್ಬೇಕಿತ್ತಾ?"

ಬೊಮ್ಮಯ್ಯ ಹೋಗಲಿಲ್ಲ. ಮರುವರ್ಷದಿಂದ ಒಂದು ಸೂಕ್ಷ್ಮವಾದ ನ್ಯಾಯಪ್ರಶ್ನೆ ಹುಟ್ಟಿತು. ಹಮ್ಮಣ್ಣನ ವಾದ: ನನ್ನ ಸರದಿ ಮುಗಿಯಿತು, ಈಗ ಅವನು ಬಂದು ಕರೆಯಲಿ. ಬೊಮ್ಮಯ್ಯನ ವಾದ: ಅವನು ಕರೆದೇ ಇಲ್ಲ, ಆದ್ದರಿಂದ ಅವನ ಸರದಿ ಇನ್ನೂ ನಡೆಯುತ್ತಿದೆ. ಎರಡೂ ವಾದ ಸರಿಯಾಗಿದ್ದವು. ಜಗತ್ತಿನಲ್ಲಿ ಇದಕ್ಕಿಂತ ಅಪಾಯಕಾರಿಯಾದ ಪರಿಸ್ಥಿತಿ ಇನ್ನೊಂದಿಲ್ಲ. ಇಷ್ಟನ್ನು ಅರ್ಜಿಯಲ್ಲಿ ಬರೆಯಲು ಇಬ್ಬರಿಗೂ ನಾಚಿಕೆ. ಹಾಗಾಗಿ ಬರೆದದ್ದೆಲ್ಲ ಉಪ್ಪಿನ ಪ್ರಮಾಣ.

ಕೇಳಿ ನನಗೆ ನಗು ಬರಲಿಲ್ಲ. ಪಶ್ಚಿಮ ಆಫ್ರಿಕಾದ ಒಂದು ಪ್ರಸಂಗ ನೆನಪಾಯಿತು. ನೆರೆಹೊರೆಯ ಎರಡು ದೇಶ. ಹೆಸರು ಹೇಳಲಾರೆ, ಎರಡೂ ಇನ್ನೂ ಇವೆ. ಒಂದು ದೇಶದ ರಾಯಭಾರಿ ಕಳಿಸಿದ ಔತಣದ ಆಮಂತ್ರಣವನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದು ಡ್ರೈವರ್. ಆ ಎರಡು ರಾಯಭಾರ ಕಚೇರಿಗಳು ಒಂದಿಡೀ ವರ್ಷ ಮಾತು ಬಿಟ್ಟಿದ್ದವು. ಕೊನೆಗೆ ಒಂದೇ ಗಳಿಗೆಗೆ ಇಬ್ಬರೂ ಪರಸ್ಪರ ಆಮಂತ್ರಣ ಕಳಿಸುವ ಏರ್ಪಾಡು ಮಾಡಿ ಸರಿಪಡಿಸಿದ್ದೆವು. ಯಾರು ಮೊದಲು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಅದೇ ಸೂತ್ರವನ್ನು ಇಲ್ಲಿ ಇಳಿಸಿದೆ. ಹಮ್ಮಣ್ಣ, ಬೊಮ್ಮಯ್ಯ ಇಬ್ಬರೂ ಒಂದೇ ದಿನ, ಗಡಿಯಾರ ನೋಡಿಕೊಂಡು ಒಂದೇ ಹೊತ್ತಿಗೆ ಮನೆಬಿಟ್ಟು, ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ ಕರೆಯುವುದು. ದಾರಿಯಲ್ಲಿ ಎದುರುಬದುರಾಗಬಾರದು. ಹಮ್ಮಣ್ಣ ಗಜನಿ ಕಟ್ಟೆಯ ಮೇಲೆ ನಡೆದು ಹೋಗುವುದು. ಬೊಮ್ಮಯ್ಯ ಸುತ್ತಿನ ರಸ್ತೆಯಲ್ಲಿ ರಿಕ್ಷಾದಲ್ಲಿ ಬರುವುದು. ತಲುಪುವ ಹೊತ್ತು ಸಮ. ಪಡುಕೇರಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಸಾಕ್ಷಿ, ಮೂಡಕೇರಿಯಲ್ಲಿ ನಾನು. ಅಸಿಸ್ಟೆಂಟ್ ಕಮಿಷನರ್ ಹಮ್ಮಣ್ಣನ ಜಗಲಿಯಲ್ಲಿ ಕೂತು ಒಂದು ನಕಾಶೆ ಬರೆದು ಬಾಣದ ಗುರುತು ಹಾಕಿದರು. ಎರಡೂ ಪಕ್ಷದವರು ನಕಾಶೆ ತಿರುಗಿಸಿ ಮುರುಗಿಸಿ ನೋಡಿ ಒಪ್ಪಿದರು. ಇಷ್ಟೊಂದು ತಲೆಗಳು ಒಟ್ಟುಗೂಡಿ ಪರಿಶೀಲಿಸಿದ ಯೋಜನೆ ಅಂಕೋಲಾ ತಾಲೂಕಿನಲ್ಲಿ ಅದಕ್ಕೂ ಮೊದಲು ಆಗಿರಲಿಕ್ಕಿಲ್ಲ.

ಮೇ ಕೊನೆಯ ವಾರ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಬೆಳಿಗ್ಗೆ ನಾನು ಹಮ್ಮಣ್ಣನ ಜಗಲಿಯಲ್ಲಿ ಕೂತಿದ್ದೆ. ಹೊತ್ತಾಯಿತು ಎಂದೆ. ಹಮ್ಮಣ್ಣ ಬಿಳಿ ಅಂಗಿ ತೊಟ್ಟು, ಹರಿವಾಣ ಹಿಡಿದು, ಕೇರಿಯ ಗಂಡಸರನ್ನೆಲ್ಲ ಹಿಂದೆ ಕಟ್ಟಿಕೊಂಡು ಕಟ್ಟೆಯ ಮೇಲೆ ಹೊರಟ. ಸಾಲು ತಿರುವಿನಲ್ಲಿ ಮರೆಯಾಯಿತು. ಮನೆ ಗಪ್ಪಾಯಿತು. ನಾನು ನಕಾಶೆ ಬಿಚ್ಚಿ ಬಾಣಗಳನ್ನು ಇನ್ನೊಮ್ಮೆ ನೋಡಿದೆ; ಎಲ್ಲ ಸರಿಯಾಗಿಯೇ ಇದ್ದವು. ಗಿರಿಯಮ್ಮ ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದು ನನ್ನ ಪಕ್ಕ ಇಟ್ಟುಕೊಂಡು ಕೂತಳು. ರಿಕ್ಷಾ ಬಂತು. ಬೊಮ್ಮಯ್ಯ ಹರಿವಾಣದೊಂದಿಗೆ ಇಳಿದ. ಅತ್ತ ಇತ್ತ ನೋಡಿದ.

"ಹಮ್ಮಣ್ಣ ಎಲ್ಲಿ?"

"ನಿಮ್ಮ ಮನೆಗೆ ಹೋಗಿದ್ದಾರೆ," ಎಂದೆ.

"ಎಂತಕ್ಕೆ?"

"ನಿಮ್ಮನ್ನು ಕರೆಯೋದಕ್ಕೆ."

"ನಾನೀಗ ಇಲ್ಲಿದ್ದೆನಲ್ಲ!"

ಮನುಷ್ಯನ ಜೀವನದಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಕೆಲವಿವೆ. ಇದು ಪ್ರಶ್ನೆಯೂ ಆಗಿರಲಿಲ್ಲ. ಆಫ್ರಿಕಾದಲ್ಲಿ ಹೋಗಿದ್ದು ಕಾಗದ. ರಾಯಭಾರಿಗಳು ತಮ್ಮ ತಮ್ಮ ಕುರ್ಚಿಯಲ್ಲೇ ಇದ್ದರು. ಇಲ್ಲಿ ಇಬ್ಬರನ್ನೂ ಒಂದೇ ಹೊತ್ತಿಗೆ ಮನೆಯಿಂದ ಹೊರಗೆ ಕಳಿಸಿ, ಒಂದೇ ಹೊತ್ತಿಗೆ ಯಜಮಾನನಿಲ್ಲದ ಮನೆಗೆ ಮುಟ್ಟಿಸಿದ್ದೆ. ಅಸಿಸ್ಟೆಂಟ್ ಕಮಿಷನರ್ ಬಳಿ ಮೊಬೈಲ್ ಇತ್ತು. ಈ ಮನೆಯಲ್ಲೂ ಜಗಲಿಯ ಮೂಲೆಯಲ್ಲಿ ಟೆಲಿಫೋನ್ ಇತ್ತು. ಆದರೆ ಆ ಗಳಿಗೆಯಲ್ಲಿ, ಆ ಅಂಗಳದಲ್ಲಿ, ಫೋನಿನ ಸುದ್ದಿ ಎತ್ತುವ ಧೈರ್ಯ ನನಗಾಗಲಿಲ್ಲ.

ಬೊಮ್ಮಯ್ಯನ ಮುಖದಲ್ಲಿ ಮೂರು ವರ್ಷದ ಹಳೆಯ ಬಣ್ಣ ಏರುತ್ತಿತ್ತು. ಯಜಮಾನ ಬೇಕೆಂದೇ ಮನೆಯಲ್ಲಿಲ್ಲ ಎಂದು ಅವನಿಗೆ ಅನ್ನಿಸಿದರೆ ಎಲ್ಲ ಮುಗಿದಂತೆ. ರಿಕ್ಷಾದವ ಇಂಜಿನ್ ಇನ್ನೂ ಆರಿಸಿರಲಿಲ್ಲ. ಬೊಮ್ಮಯ್ಯನ ಒಂದು ಕಾಲು ಅಂಗಳದಲ್ಲಿ, ಇನ್ನೊಂದು ಬೇಲಿಬಾಗಿಲಾದ ದಣಪೆಯ ಆಚೆ ಇತ್ತು. ಕಗ್ಗದ ಮುಡಿ ಆ ಎರಡು ಕಾಲುಗಳ ನಡುವೆ ನೇತಾಡುತ್ತಿರುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಯಜಮಾನ ಇಲ್ದಿದ್ರೆ ಮನಿ ಇಲ್ವಾ?" ಎಂದಳು ಗಿರಿಯಮ್ಮ. "ಅಳಿಯ ಬಂದು ಅಂಗಳದಲ್ಲಿ ನಿಂತ್ಕಂಡ್ರೆ ನೋಡ್ದವ್ರು ಎಂತಾ ಅಂತಾರೆ? ಬಾ, ಕೂತ್ಕ."

"ಅತ್ತೆ, ಕರೀಬೇಕಾದ್ದು ಯಜಮಾನನ್ನ."

"ಹಮ್ಮಣ್ಣ ಯಜಮಾನ ಆದದ್ದು ಯಾವಾಗ? ಅವ್ನ ಅಪ್ಪ ಸತ್ತ ಮೇಲೆ ನಾನೇ ಅವ್ನನ್ನ ಅಲ್ಲಿ ಕೂರ್ಸಿದ್ದು. ನನ್ನ ಕರಿ."

ಬೊಮ್ಮಯ್ಯ ಕಾಲು ಅಲುಗಿಸಲಿಲ್ಲ. ಗಿರಿಯಮ್ಮ ತಂಬಿಗೆ ಎತ್ತಿ ಹಿಡಿದಳು.

"ಆ ಫೋನಿಗೆ ಹ್ವಾದ ಮಳೆಗಾಲ ಸಿಡ್ಲು ಬಡ್ದು ಸತ್ತೇ ಹೋಯ್ತು, ಬೊಮ್ಮಯ್ಯ. ನಾನು ಅದ್ರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆ. ಅದು ಸತ್ರೂ ನಿನ್ನ ಸಿಟ್ಟು ಬದ್ಕಿದ್ಯಲ್ಲೊ."

ಬೊಮ್ಮಯ್ಯ ಮೂಲೆಯ ಕಡೆ ನೋಡಿದ. ಫೋನಿನ ಮೇಲೆ ನಿಜಕ್ಕೂ ಹೂವಿನ ಬಟ್ಟೆಯೊಂದು ಹೊದ್ದುಕೊಂಡಿತ್ತು. ಮೂರು ವರ್ಷದ ಶತ್ರುವನ್ನು ಆ ಸ್ಥಿತಿಯಲ್ಲಿ ನೋಡಿ ಅವನ ಮೀಸೆ ಒಂದು ಸಲ ಅದುರಿತು. ಮೇಲೆ ಬಂದ. ಹರಿವಾಣ ಅತ್ತೆಯ ಮುಂದಿಟ್ಟು, ಪದ್ಧತಿಯ ಮಾತುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಹೇಳಿದ: "ನಾಡ್ದು ಇಳಿತಕ್ಕೆ ಜಂತ್ರಡಿಗೆ ಹಲಗೆ ಬೀಳ್ತದೆ. ಮೂಡಕೇರಿ ಬರ್ಬೇಕು." ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ. ತಂಬಿಗೆ ಹಿಡಿದ ಕೈ ನಡುಗುತ್ತಿತ್ತು.

"ಹೆಣ್ಣು ನೋಡೂಕೆ ಬಂದಾಗ್ಲೂ ಹಿಂಗೇ ನಡುಗ್ತಿತ್ತು ಕೈ," ಎಂದು ಗಿರಿಯಮ್ಮ ನನಗೆ ಹೇಳಿದಳು. "ಆಗ ಹೆದರ್ಕಿ. ಈಗ ವಯಸ್ಸು."

ರಿಕ್ಷಾದವ ಇಂಜಿನ್ ಆರಿಸಿದ.

ಪಡುಕೇರಿಯಲ್ಲಿ ನಡೆದದ್ದನ್ನು ಅಸಿಸ್ಟೆಂಟ್ ಕಮಿಷನರ್ ಆಮೇಲೆ ಹೇಳಿದರು. ಹಮ್ಮಣ್ಣ ಕಟ್ಟೆ ಇಳಿದು ಅಂಗಳಕ್ಕೆ ಬಂದಾಗ ಬಾಗಿಲಲ್ಲಿ ಸುಶೀಲೆ ಮಾತ್ರ ನಿಂತಿದ್ದಳು. ಅಣ್ಣ ತಂಗಿಯ ಮನೆಗೆ ಕಾಲಿಟ್ಟು ಮೂರು ವರ್ಷವಾಗಿತ್ತು. "ಅವ್ರು ಮನೇಲಿಲ್ಲ. ನಿನ್ನ ಕರೀಲಿಕ್ಕೆ ಹೋಗ್ಯಾರೆ," ಎಂದಳಂತೆ. ಹಮ್ಮಣ್ಣ ಹರಿವಾಣ ಹಿಡಿದು ಕಲ್ಲಾಗಿ ನಿಂತ. ಹಿಂದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಶೀಲೆ ಬೆಲ್ಲದ ತಟ್ಟೆ ತಂದಳು. "ಅವತ್ತು ಕೂಡ ಹಿಡಕಂಡು ನಿಂತಿದ್ದೆ ಅಣ್ಣಾ, ಇದೇ ತಟ್ಟೆ. ಇವತ್ತೂ ನಿಲ್ಸ್ಬೇಡ." ಹಮ್ಮಣ್ಣ ಬೆಲ್ಲ ತೆಗೆದುಕೊಂಡ. ಕರೆಯುವ ಮಾತು ಅರ್ಧದಲ್ಲಿ ತಡವರಿಸಿತು. ಉಳಿದರ್ಧವನ್ನು ಅವಳೇ ಹೇಳಿಕೊಟ್ಟಳು. ಅಸಿಸ್ಟೆಂಟ್ ಕಮಿಷನರ್ ಸಾಕ್ಷಿಯಾಗಿ ಸಹಿ ಹಾಕಲು ಕಾಗದ ತೆಗೆದರೆ, ಅವರಿಗೂ ಬೆಲ್ಲ-ನೀರು ಕೊಟ್ಟು ಕೂರಿಸಿದರು.

ಇತ್ತ ಬೊಮ್ಮಯ್ಯ ರಿಕ್ಷಾ ವಾಪಸು ಕಳಿಸಿ, ಕಟ್ಟೆಯ ಮೇಲೆ ನಡೆದೇ ಹೋಗುತ್ತೇನೆಂದು ಹೊರಟ. ಅದೇ ಕಟ್ಟೆಯ ಮೇಲೆ ಹಮ್ಮಣ್ಣ ಹಿಂದಿರುಗಿ ಬರುತ್ತಿದ್ದ. ಕಟ್ಟೆ ಒಬ್ಬರು ನಡೆಯುವಷ್ಟೇ ಅಗಲ. ಎದುರಾದರೆ ಯಾರಾದರೊಬ್ಬರು ಕೆಳಗಿಳಿದು ದಾರಿ ಬಿಡಬೇಕು. ಯಾರು? ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ. ಓಡುತ್ತಲೇ, ಯಾರಿಗೂ ಮುಖಭಂಗವಾಗದಂಥ ಒಂದು ವಾಕ್ಯ ಜೋಡಿಸಿದೆ. ಮಧ್ಯೆ ಎರಡು "ಆದಾಗ್ಯೂ" ಇದ್ದವು. ದೂರದಿಂದ ನೋಡಿದರೆ ಭಾವಂದಿರಿಬ್ಬರೂ ಕಟ್ಟೆಯ ನಡುವೆ ಎದುರುಬದುರು ನಿಂತಿದ್ದಾರೆ, ಹಮ್ಮಣ್ಣನ ಹಿಂದೆ ಮೂಡಕೇರಿಯ ಗಂಡಸರ ಸಾಲೂ ನಿಂತಿದೆ. ಅವರು ನಿಂತದ್ದು ಜಂತ್ರಡಿಯ ಹತ್ತಿರ. ನಾನು ಏದುಸಿರು ಬಿಡುತ್ತ ಮುಟ್ಟಿದಾಗ ಇಬ್ಬರೂ ಕೆಳಗಿಳಿದು, ಪಂಚೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿದ್ದರು.

"ಈ ಬಿರುಕಿಗೆ ತೆಳೂ ಹಲಗಿ ತಡೀತದ್ಯಾ ಭಾವಾ? ದಪ್ಪ ಬೇಕು," ಎನ್ನುತ್ತಿದ್ದ ಬೊಮ್ಮಯ್ಯ.

"ದಪ್ಪಂದು ಹ್ವಾದ ವರ್ಷ ಇತ್ತು. ತೇಲಿ ಹೋಯ್ತು," ಎಂದ ಹಮ್ಮಣ್ಣ.

ಬೊಮ್ಮಯ್ಯ ನೀರಿನ ಕಡೆ ನೋಡಿದ. "ನಮ್ಮ ಹಿತ್ಲಲ್ಲಿ ಅದೆ. ತಂದ್ಕೊಡ್ತೆ."

ಹಮ್ಮಣ್ಣ ಬಿರುಕಿಗೆ ಬೆರಳು ಹಾಕಿ ಆಳ ನೋಡಿದ. ನನ್ನ ವಾಕ್ಯ ನನ್ನಲ್ಲೇ ಉಳಿಯಿತು. ಈಗಲೂ ಇದೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಹೊರಡುವ ಮೊದಲು ಗಿರಿಯಮ್ಮನಿಗೆ ಕೇಳಿದೆ, "ಇಬ್ಬ್ರೂ ಹೊರಟ್ರೆ ಇಬ್ಬ್ರೂ ಸಿಗೂದಿಲ್ಲ ಅಂತ ನಿಮಗೆ ಮೊದ್ಲೇ ತಿಳಿದಿತ್ತಾ ಅಮ್ಮಾ?"

"ತಿಳೀದೇ ಏನು? ನಕಾಶಿ ನಮ್ಮ ಜಗ್ಲೀಲೇ ಬರ್ದದ್ದಲ್ವಾ."

"ಹಾಗಾದ್ರೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಶಾಲಿಗೆ ಹೋಗಿ ಮೀಟಿಂಗ್ ಮಾಡ್ತಿದ್ರಿ. ಮಳೆ ಹಿಡೀತಿತ್ತು."

ಈ ಪ್ರಕರಣ ನನಗೆ ಎರಡು ವಿಷಯ ಕಲಿಸಿತು. ಒಂದು ರಾಜತಾಂತ್ರಿಕನಿಗೆ: ಜನ ಬಾರದಿರುವುದು ಬರಲು ಮನಸ್ಸಿಲ್ಲದೆ ಅಲ್ಲ, ಕರೆಯುವ ಹಾಗೆ ಯಾರೂ ಕರೆಯದೆ. ಅರ್ಜಿಯಲ್ಲಿರುವುದನ್ನು ಪೂರೈಸಿದರೂ ಅರ್ಜಿದಾರ ಸಿಟ್ಟಿನಲ್ಲೇ ಇದ್ದರೆ, ಅವನು ಬರೆಯಲು ನಾಚಿದ್ದೇನು ಎಂದು ಚಾ ಅಂಗಡಿಯಲ್ಲಿ ಕೇಳಿಕೊಳ್ಳಬೇಕು. ಇನ್ನೊಂದು ಇತಿಹಾಸಕಾರನಿಗೆ, ಅದು ಸ್ವಲ್ಪ ಕಹಿ. ಕೆಲವು ತಿಂಗಳ ನಂತರ ಕಚೇರಿಗೆ ಹೋಗಿ ಆ ಫೈಲು ತೆಗೆಸಿ ನೋಡಿದೆ. ದೂರುಗಳೆಲ್ಲ ಇದ್ದವು, ಪೋಲೀಸ್ ವರದಿ, ನೋಟೀಸು, ನಕಾಶೆ ಎಲ್ಲ ಇದ್ದವು. ಕೊನೆಯ ಹಾಳೆಯಲ್ಲಿ "ಕಕ್ಷಿದಾರರು ಗೈರುಹಾಜರು, ಪ್ರಕರಣ ಮುಕ್ತಾಯ" ಎಂದಿತ್ತು. ಬೆಲ್ಲ ಇರಲಿಲ್ಲ, ತಂಬಿಗೆ ಇರಲಿಲ್ಲ, ನೀರಿನಲ್ಲಿ ನಿಂತ ಇಬ್ಬರು ಭಾವಂದಿರು ಇರಲಿಲ್ಲ. ಲಿಸ್ಬನ್ನಿನಲ್ಲಿ ನಾನು ವರ್ಷಗಟ್ಟಲೆ ಓದಿದ ಕಾಗದಗಳೂ ಹೀಗೆಯೇ ಇರಬೇಕು ಎಂದು ಆಗ ಹೊಳೆಯಿತು. ಜಗಳವಾದಾಗ ಜನ ಬರೆಯುತ್ತಾರೆ. ರಾಜಿಯಾದಾಗ ಹಲಗೆ ತರಲು ಹೋಗುತ್ತಾರೆ. ಹಿಂದಿನವರು ಬರೇ ಕಚ್ಚಾಡುತ್ತಿದ್ದರು ಎಂದು ನನ್ನ ಗ್ರಂಥದಲ್ಲಿ ಬರೆದದ್ದನ್ನು ಎರಡನೇ ಮುದ್ರಣದಲ್ಲಿ ತಿದ್ದಿದೆ. ಮೊದಲ ಅಧ್ಯಾಯದ ಆ ಗಂಭೀರ ವಾಕ್ಯವನ್ನು ಮಾತ್ರ ಹಾಗೇ ಬಿಟ್ಟೆ. ಕೇಳಲು ಚೆನ್ನಾಗಿದೆ.

ಕರೆದ ಮೂರನೇ ದಿನ ಬೆಳಗಿನ ಇಳಿತದಲ್ಲಿ ಎರಡೂ ಕೇರಿಯವರು ಸೇರಿ ಜಂತ್ರಡಿ ಮುಚ್ಚಿದರು. ಸುಶೀಲೆಯೂ ಬಂದಿದ್ದಳು, ಹೆಂಗಸರು ಬರುವ ಪದ್ಧತಿಯಿಲ್ಲ ಎಂದು ಯಾರೂ ನೆನಪು ಮಾಡಲಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಗಿರಿಯಮ್ಮನ ಮುಡಿ ಬಿಚ್ಚಿ ಗಜನಿಯ ಒಂದು ಮೂಲೆಗೆ ಬಿತ್ತಿದರು; ಮೊಳಕೆ ಬಂತು. ಆ ಬೆಳೆಯ ಭತ್ತವನ್ನೆಲ್ಲ ಬೀಜಕ್ಕೆ ಇಟ್ಟುಕೊಂಡು ಮರುವರ್ಷ ಇಡೀ ಗಜನಿಗೆ ಕಗ್ಗ ಬಿತ್ತಿದರು. 2005ರ ಸರದಿ ಯಾರದೆಂದು ತೀರ್ಮಾನವಾಗದ ಕಾರಣ, ಅಂದಿನಿಂದ ಇಬ್ಬರೂ ಒಂದೇ ಹೊತ್ತಿಗೆ ಹೊರಟು ಒಬ್ಬರ ಮನೆಗೊಬ್ಬರು ಹೋಗುತ್ತಾರೆ, ಇಬ್ಬರೂ ಮನೆಯಲ್ಲಿರುವುದಿಲ್ಲ.